ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಸ್ವಯಂಸೇವೆ ಮಾಡುತ್ತಲೇ ಕ್ಯಾಬರೆ ನೋಡಲು ಸಮಯ ಸಿಗುತ್ತದೆಯೇ?

ಧಾರಾಳವಾಗಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಓದುತ್ತಿದ್ದೇನೆ, ಆಕ್ಸ್‌ಫ್ಯಾಮ್ ಎಂಬ ದಾನಸಂಸ್ಥೆಯ ಮೂಲಕ ಸ್ಟೀವರ್ಡ್ (ಜನರಿಗೆ ದಾರಿ ತೋರಿಸಿ ನೆರವಾಗುವ ಸ್ವಯಂಸೇವಕ) ಆಗಿ ಹೋಗುವ ಯೋಚನೆಯಿದೆ, ದೊಡ್ಡ ಬ್ಯಾಂಡುಗಳಿಗಿಂತ ಕ್ಯಾಬರೆ ಮೇಲೇ ಆಸೆ ಎಂದು ಬರೆದಿದ್ದೀರಿ. ಶಿಫ್ಟಿನಲ್ಲಿ ಕೆಲಸ ಮಾಡುವವರಿಗೆ ಅದೇ ಒಳ್ಳೆಯದು ಅನ್ನುತ್ತೇನೆ. ಮುಖ್ಯ ವೇದಿಕೆಯಾದ ಪಿರಮಿಡ್ ಸ್ಟೇಜಿನ ಮುಂದೆ ಹತ್ತಿರದ ಜಾಗ ಬೇಕೆಂದರೆ ಗಂಟೆಗಟ್ಟಲೆ ಮೊದಲೇ ಹೋಗಿ ನಿಲ್ಲಬೇಕು. ಕ್ಯಾಬರೆ ಡೇರೆಯಲ್ಲಿ ಒಬ್ಬೊಬ್ಬರ ಪ್ರದರ್ಶನ ಚಿಕ್ಕದು, ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ನಡುವೆ ಒಳಗೆ ಹೋಗಬಹುದು, ಹೊರಗೂ ಬರಬಹುದು.

ಮೊದಲು ಗಂಟೆಗಳ ಲೆಕ್ಕ. ಆಕ್ಸ್‌ಫ್ಯಾಮ್ ಸ್ಟೀವರ್ಡುಗಳಿಗೆ ಎಂಟೂಕಾಲು ಗಂಟೆಯ ಮೂರು ಶಿಫ್ಟ್, ಒಟ್ಟು 24 ಗಂಟೆ 45 ನಿಮಿಷ. ಸಾಮಾನ್ಯವಾಗಿ ಒಂದು ರಾತ್ರಿಯದ್ದು ಇದ್ದೇ ಇರುತ್ತದೆ. ಟಿಕೆಟ್ಟಿನ ಬದಲು ಡಿಪಾಸಿಟ್ ಕಟ್ಟುತ್ತೀರಿ. ಮೂರೂ ಶಿಫ್ಟ್ ಮುಗಿಸಿದರೆ ಅದು ವಾಪಸ್. ಒಂದು ಶಿಫ್ಟ್ ತಪ್ಪಿಸಿದರೂ ಆ ಹಣಕ್ಕೆ ಕುತ್ತು. ಹಾಗಾಗಿ ‘ಯಾರ ಹತ್ತಿರವಾದರೂ ಬದಲಾಯಿಸಿಕೊಂಡರಾಯಿತು’ ಎಂಬ ನಂಬಿಕೆಯ ಮೇಲೆ ಯಾವ ಕಲಾವಿದರನ್ನೂ ನೋಡುವ ಯೋಜನೆ ಹಾಕಬೇಡಿ.

ಶಿಫ್ಟ್ ಪಟ್ಟಿ ಕೈಗೆ ಬಂದ ಮೇಲೆ ಹೆಚ್ಚಿನವರು ಕಾರ್ಯಕ್ರಮ ಶುರುವಾಗುವ ಸಮಯ ಗುರುತು ಹಾಕಿಕೊಳ್ಳುತ್ತಾರೆ. ನೀವು ಎದ್ದು ಹೊರಡಬೇಕಾದ ಸಮಯ ಗುರುತು ಹಾಕಿ. ಈ ಜಾಗ ಒಂದು ಊರಿನಷ್ಟು ದೊಡ್ಡದು, ಎರಡು ಲಕ್ಷಕ್ಕೂ ಹೆಚ್ಚು ಜನ ಇರುತ್ತಾರೆ. ನಕ್ಷೆಯಲ್ಲಿ ಇಪ್ಪತ್ತು ನಿಮಿಷದ ದಾರಿಯಂತೆ ಕಂಡದ್ದು ಸಂಜೆ ಜನಜಂಗುಳಿಯಲ್ಲಿ ನಲವತ್ತೈದು ನಿಮಿಷವಾಗುತ್ತದೆ, ಕೆಸರಾದರೆ ಒಂದು ಗಂಟೆ. ಥಿಯೇಟರ್ ಅಂಡ್ ಸರ್ಕಸ್ ಮೈದಾನದಿಂದ ನಿಮ್ಮ ಟೆಂಟಿಗೆ ಹೋಗಿ, ಬಟ್ಟೆ ಬದಲಿಸಿ, ತಿಂದು, ಹಾಜರಿ ಹಾಕುವುದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ.

ಕ್ಯಾಬರೆ ಡೇರೆ ಇರುವುದು ಈ ಮೈದಾನದಲ್ಲೇ, ಸರ್ಕಸ್ ಬಿಗ್ ಟಾಪ್ ಎಂಬ ಸರ್ಕಸ್ ಡೇರೆ ಮತ್ತು ಆಸ್ಟ್ರೋಲೇಬ್ ಎಂಬ ನಾಟಕದ ಡೇರೆ ಇರುವ ಕಡೆ. ನಮ್ಮ ಹಳೆಯ ಸಿನಿಮಾಗಳ ಕ್ಲಬ್ ಡ್ಯಾನ್ಸ್ ನೆನೆಸಿಕೊಂಡು ಹೋಗಬೇಡಿ. ಇಲ್ಲಿ ನಿರೂಪಕರು ಜನರನ್ನು ಕೆಣಕುತ್ತಾ ಕಾರ್ಯಕ್ರಮ ನಡೆಸುತ್ತಾರೆ. ಹಾಸ್ಯ, ಕವಿತೆ, ಜಾದೂ, ವ್ಯಂಗ್ಯದ ಹಾಡು ಎಲ್ಲ ಒಂದರ ಹಿಂದೆ ಒಂದು. ಹಗಲಿನ ಕಾರ್ಯಕ್ರಮ ಸೌಮ್ಯ. ಕತ್ತಲಾದಂತೆ ಮಾತು, ಬಟ್ಟೆ ಎರಡೂ ಸಡಿಲ.

ಯಾವಾಗ ಹೋಗಬೇಕು? ಪಿರಮಿಡ್‌ನಲ್ಲಿ ರಾತ್ರಿಯ ಮುಖ್ಯ ಕಲಾವಿದರು ಹಾಡುತ್ತಿರುವಾಗ. ಜನ ಅತ್ತ ಹರಿದಿರುತ್ತಾರೆ, ಇತ್ತ ಆರಾಮವಾಗಿ ಜಾಗ ಸಿಗುತ್ತದೆ. ಅವರ ಹಾಡು ಮುಗಿದದ್ದೇ ತಡ ಜನ ನಾಲ್ಕೂ ಕಡೆ ನುಗ್ಗುತ್ತಾರೆ. ಅಷ್ಟರೊಳಗೆ ನೀವು ಡೇರೆಯ ಒಳಗಿರಬೇಕು. ಮಳೆ ಬಂದರೆ ಲೆಕ್ಕ ತಲೆಕೆಳಗು. ಕ್ಯಾಬರೆ ಎಂದರೇನೆಂದು ಗೊತ್ತಿಲ್ಲದವರೂ ಸೂರು ಸಿಕ್ಕಿತೆಂದು ಒಳಗೆ ಬಂದು ತುಂಬಿಕೊಳ್ಳುತ್ತಾರೆ, ಅವರ ಹರಟೆಯಲ್ಲಿ ಪಂಚ್‌ಲೈನ್ ಕೇಳುವುದಿಲ್ಲ.

ರಾತ್ರಿ ಶಿಫ್ಟ್ ಮಾಡಿ ಬಂದ ದಿನ ಮಧ್ಯಾಹ್ನದ ಕ್ಯಾಬರೆ ಆಸೆ ಬಿಡಿ. ಜೂನ್ ಕೊನೆಯ ಬಿಸಿಲಿಗೆ ಬೆಳಿಗ್ಗೆ ಎಂಟಕ್ಕೆಲ್ಲ ಟೆಂಟಿನೊಳಗೆ ಮಲಗಲಾಗದು. ಬಾಗಿಲು ತೆರೆದಿಟ್ಟು, ಕಣ್ಣಿಗೆ ಪಟ್ಟಿ, ಕಿವಿಗೆ ಇಯರ್‌ಪ್ಲಗ್ ಹಾಕಿ ಎಷ್ಟಾದರೂ ನಿದ್ದೆ ಮಾಡಿ, ಸಂಜೆ ಹೋಗಿ.

ಎಲ್ಲಿ ಕೂರಬೇಕು ಎಂಬುದರ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಮುಂದಿನ ಸಾಲು ಬೇಡ. ನಿರೂಪಕರ ಕಣ್ಣಿಗೆ ಮೊದಲು ಬೀಳುವವರು ಅಲ್ಲಿ ಕೂತವರೇ; ವೇದಿಕೆಗೆ ಎಳೆದರೆ ಶಿಫ್ಟ್ ಇದೆ ಎಂದು ಎದ್ದು ಹೋಗುವುದು ಕಷ್ಟ, ಹೋದರೆ ಅದೂ ಒಂದು ಜೋಕ್ ಆಗುತ್ತದೆ. ಮಧ್ಯದ ಸಾಲುಗಳ ಬದಿಯಲ್ಲಿ, ಎದ್ದು ಹೋಗಲು ದಾರಿ ಇರುವ ಕಡೆ ಕೂರಿ. ನೆಲ ತೇವವಾಗಿರುತ್ತದೆ, ಮಡಚುವ ಚಾಪೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಕುರ್ಚಿ ತಂದರೆ ಹಿಂದಿನವರ ಶಾಪ. ಕತ್ತಲೆಯಲ್ಲಿ ಹಣೆಗೆ ಕಟ್ಟಿಕೊಂಡ ಟಾರ್ಚ್ ಆರಿಸಿ, ನೀವು ತಲೆ ಎತ್ತಿದಾಗಲೆಲ್ಲ ಅದು ಕಲಾವಿದರ ಕಣ್ಣಿಗೇ ಹೊಡೆಯುತ್ತದೆ. ವಿಡಿಯೋ ಮಾಡಬೇಡಿ. ಹಾಸ್ಯದವರ ಹೊಸ ಮಾಲು ಆನ್‌ಲೈನಿಗೆ ಹೋದರೆ ಮುಂದಿನ ಊರಿನಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ. ಅರೆಬಟ್ಟೆಯಲ್ಲಿ ಕುಣಿಯುವವರ ವಿಷಯವಂತೂ ಹೇಳಬೇಕಿಲ್ಲ.

ಸ್ಟೀವರ್ಡ್ ಮೇಲಂಗಿ ಕಳಚಿಯೇ ಒಳಗೆ ಹೋಗಿ. ಅದು ಮೈಮೇಲಿದ್ದರೆ ಶೌಚಾಲಯ ಎಲ್ಲಿ, ನೀರು ಎಲ್ಲಿ ಎಂಬ ಪ್ರಶ್ನೆ ನಿಲ್ಲುವುದೇ ಇಲ್ಲ, ಜತೆಗೆ ಕೈಯಲ್ಲಿ ಬಿಯರ್ ಇದ್ದರೆ ದೂರು ಹೋಗುತ್ತದೆ. ಶಿಫ್ಟಿನಲ್ಲೂ ಅದಕ್ಕೆ ಮುಂಚೆಯೂ ಕುಡಿಯುವಂತಿಲ್ಲ, ಆದ್ದರಿಂದ ಶಿಫ್ಟಿಗೆ ಮುಂಚಿನ ಶೋಗೆ ನೀರಿನ ಬಾಟಲಿ ಮಾತ್ರ.

ತಡರಾತ್ರಿಯ ಡ್ರ್ಯಾಗ್ (ಹೆಚ್ಚಾಗಿ ಗಂಡಸರು ಅಬ್ಬರದ ಹೆಣ್ಣುವೇಷ ಹಾಕಿ ಮಾಡುವ ಪ್ರದರ್ಶನ) ನೋಡುವ ಆಸೆಯಿದ್ದರೆ ಆಗ್ನೇಯ ಮೂಲೆಯ ಬ್ಲಾಕ್‌ನೈನ್ ಎಂಬ ರಾತ್ರಿರಂಜನೆಯ ಪ್ರದೇಶದಲ್ಲಿ ಎನ್‌ವೈಸಿ ಡೌನ್‌ಲೋ ಎಂಬ ಕ್ಲಬ್ ಇದೆ, 2007ರಿಂದ ನಡೆಯುತ್ತಿದೆ. ಒಳಗೆ ಹೋಗಲು ನಿಲ್ಲುವ ಸಾಲು ಕುಖ್ಯಾತ. ರಾತ್ರಿ ಆ ಕಡೆ ಜನರನ್ನು ಏಕಮುಖ ದಾರಿಯಲ್ಲಿ ಬಿಡುವುದರಿಂದ ಹೋದ ದಾರಿಯಲ್ಲೇ ತಿರುಗಿ ಬರಲಾಗದು. ಮರುದಿನ ಬೆಳಿಗ್ಗೆ ಶಿಫ್ಟ್ ಇರುವವರು ಅತ್ತ ತಲೆ ಹಾಕದಿರುವುದೇ ಲೇಸು.

ಕೊನೆಗೆ ನೀವು ಕೇಳದ ವಿಷಯ, ವೀಸಾ. ಸ್ಟೂಡೆಂಟ್ ವೀಸಾದಲ್ಲಿದ್ದರೆ ಸಂಬಳವಿಲ್ಲದ ಕೆಲಸವೂ ಕೆಲವೊಮ್ಮೆ ಪಾಠದ ಅವಧಿಯ ವಾರಕ್ಕೆ 20 ಗಂಟೆಯ ಮಿತಿಯೊಳಗೆ ಬರಬಹುದು. ಮೂರು ಶಿಫ್ಟ್ ಒಂದೇ ವಾರದಲ್ಲಿ ಬಿದ್ದರೆ ಅದನ್ನು ಮೀರುತ್ತದೆ, ಮಾಸ್ಟರ್ಸ್ ಮಾಡುವವರಿಗೆ ಜೂನ್ ಕೂಡ ಪಾಠದ ಅವಧಿಯೇ ಆಗಿರುತ್ತದೆ. ಡಿಪಾಸಿಟ್ ಕಟ್ಟುವ ಮುಂಚೆ ವಿಶ್ವವಿದ್ಯಾಲಯದ ವೀಸಾ ವಿಭಾಗದಿಂದ ಈಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಉತ್ಸವ ನಡೆಯುವ ಹೊಲಕ್ಕೆ ವಿಶ್ರಾಂತಿ ಕೊಡಲು 2026ರಲ್ಲಿ ಉತ್ಸವ ನಡೆಸುವುದಿಲ್ಲವಾದ್ದರಿಂದ ನಿಮ್ಮ ಲೆಕ್ಕ 2027ಕ್ಕೆ. ಅಷ್ಟರಲ್ಲಿ ನಿಮ್ಮ ಕೋರ್ಸ್ ಮುಗಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.