ತೊಟ್ಟಿಲ ಪಕ್ಕ ಒಬ್ಬಳೇ ಯಾಕೆ ಎದ್ದಿರಬೇಕು?

ಅರಸೀಕೆರೆಯ ಓದುಗರೊಬ್ಬರ ಪತ್ರ: 'ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಎರಡು ತಿಂಗಳ ಮಗು ಗುಂಡುಗುಂಡಾಗಿದೆ. ಇವಳು ಮಾತ್ರ ರಾತ್ರಿಯೆಲ್ಲ ಎದ್ದೆದ್ದು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾಳೆ. ಮಗು ಮಲಗಿದರೂ ತಾನು ಮಲಗದೆ ಮೊಬೈಲಿನಲ್ಲಿ ಕಾಯಿಲೆಗಳನ್ನು ಹುಡುಕುತ್ತಾಳೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಮೊಬೈಲ್ ಕಿತ್ತಿಟ್ಟರೆ ಸರಿಹೋಗಲ್ವಾ?'

ಉತ್ತರ: ಮೊಬೈಲ್ ವಿಷಯದಲ್ಲಿ ನಿಮ್ಮ ಮಾತು ನಿಜ ಅಮ್ಮ. ನಡುರಾತ್ರಿ ಹುಡುಕಿದರೆ ಬಿಕ್ಕಳಿಕೆಗೂ ದೊಡ್ಡ ರೋಗದ ಹೆಸರು ಸಿಗುತ್ತದೆ. ಆದರೆ 'ನಮ್ಮ ಕಾಲದಲ್ಲಿ ಇರಲಿಲ್ಲ' ಅನ್ನೋದನ್ನು ನಾನು ಒಪ್ಪಲ್ಲ. ತೊಟ್ಟಿಲಲ್ಲಿ ಕಬ್ಬಿಣದ ತುಂಡು ಇಟ್ಟವರು ಯಾರು? ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು, ಸಂಜೆಯಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದವರು ಯಾರು? ಅದು ಭಯವಲ್ಲದೆ ಇನ್ನೇನು? ಆಗ ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರೂ ಸೇರಿ ಹೆದರುತ್ತಿದ್ದರು. ಈಗ ನಿಮ್ಮ ಮಗಳು ಒಬ್ಬಳೇ ಹೆದರುತ್ತಿದ್ದಾಳೆ.

ಹೆರಿಗೆಯಾದ ಮೊದಲ ಎರಡು ವಾರ ಅಳು, ಸಿಡುಕು ಸಾಮಾನ್ಯ. ಅದು ತಾನಾಗಿ ಹೋಗುತ್ತದೆ. ಎರಡು ತಿಂಗಳಾದರೂ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಯಾರು ಧೈರ್ಯ ಹೇಳಿದರೂ ಸಮಾಧಾನವಿಲ್ಲ ಅಂದರೆ ಡಾಕ್ಟರಿಗೆ ತೋರಿಸಬೇಕು. ಬಾಣಂತಿಯರ ಮನಸ್ಸು ತಿಳಿಯಲು 1987ರಲ್ಲಿ ಎಡಿನ್‌ಬರೋ ಹೆಸರಿನ 10 ಪ್ರಶ್ನೆಗಳ ಪಟ್ಟಿ ಬಂತು. ಅದರಲ್ಲಿ 3 ಪ್ರಶ್ನೆ ಇಂಥ ಆತಂಕದ ಬಗ್ಗೆಯೇ: ಸುಮ್ನೆ ತನ್ನನ್ನೇ ದೂರಿಕೊಳ್ಳೋದು, ಕಾರಣವಿಲ್ಲದೆ ಚಿಂತೆ, ದಿಗಿಲು. ಥೈರಾಯ್ಡ್ ಏರುಪೇರಾದರೂ ಹೀಗಾಗಬಹುದು, ಅದಕ್ಕೆ ರಕ್ತಪರೀಕ್ಷೆ ಮಾಡಿಸಿ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಎದೆಹಾಲು ಬಿಡಿಸಿಬಿಡಬೇಡಿ.

ಇನ್ನೊಂದು ಮಾತು. ಮಗು ಕೈಜಾರಿ ಬಿದ್ದ ಹಾಗೆ, ನೀರಲ್ಲಿ ಮುಳುಗಿದ ಹಾಗೆ ಎಷ್ಟೋ ತಾಯಂದಿರ ಕಣ್ಣಮುಂದೆ ಬರುತ್ತದೆ. ನಾಚಿಕೆಯಿಂದ ಯಾರಿಗೂ ಹೇಳಲ್ಲ. ಅಂಥ ಯೋಚನೆ ಬಂದು ಅವಳೇ ನಡುಗಿದರೆ, ಅವಳು ಕೆಟ್ಟ ತಾಯಿ ಅಂತ ಅರ್ಥವಲ್ಲ. ಕೇಳಿ, ಬೈಯಬೇಡಿ. ಆದರೆ ಇಲ್ಲದ ದನಿ ಕೇಳಿಸುತ್ತಿದ್ದರೆ, ಎಲ್ಲರ ಮೇಲೂ ಅನುಮಾನ ಶುರುವಾದರೆ, ಸಾಯುವ ಮಾತಾಡಿದರೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪತ್ರದಲ್ಲಿ ಅಳಿಯಂದಿರ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ನನಗೆ ಸಿಟ್ಟು ಬರೋದು ಇಲ್ಲೇ. ಶನಿವಾರ ಬರೋದು, ಹೋಳಿಗೆ ತಿನ್ನೋದು, ಮಗುವಿನ ಜೊತೆ ಫೋಟೋ ತೆಗೆಸಿಕೊಳ್ಳೋದು, ಭಾನುವಾರ ಸಂಜೆ ಬಸ್ ಹತ್ತೋದು. ಎಲ್ಲ ತಪ್ಪೂ ಅವರದಲ್ಲ ಬಿಡಿ. ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ ತಾಯಿಗೆ 26 ವಾರ ರಜೆ ಕೊಟ್ಟಿತು, ಒಳ್ಳೆಯದೇ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯವನಾದರೆ ಮಾಲೀಕರ ದೊಡ್ಡ ಮನಸ್ಸೇ ಗತಿ. ನನ್ನ ಪರಿಚಯದ ಹುಡುಗನೊಬ್ಬ ರಜೆ ಕೇಳಿದ್ದಕ್ಕೆ ಮೇಲಿನವರು 'ಹೆತ್ತಿದ್ದು ನೀನಾ?' ಅಂದರಂತೆ. ಕಚೇರಿ ಇಡೀ ನಕ್ಕಿತಂತೆ.

ಬಾಣಂತಿಗೆ ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕರೆ ಆತಂಕ ಎಷ್ಟೋ ಹಗುರಾಗುತ್ತದೆ. ಆದ್ದರಿಂದ ಈ ಶನಿವಾರ ಅಳಿಯಂದಿರಿಗೆ ಹಜಾರದಲ್ಲಿ ಹಾಸಬೇಡಿ, ತೊಟ್ಟಿಲ ಪಕ್ಕ ಹಾಸಿ. ಮಗಳು ಹಾಲು ಕುಡಿಸಿ ಬೇರೆ ಕೋಣೆಯಲ್ಲಿ ಮಲಗಲಿ. ತೇಗಿಸೋದು, ಬಟ್ಟೆ ಬದಲಿಸೋದು, ಎತ್ತಿಕೊಂಡು ಓಡಾಡೋದು ಅವರ ಪಾಲಿಗಿರಲಿ. ಉಳಿದ ದಿನ ನೀವಿದ್ದೀರಲ್ಲ.