ಕುಯ್ಲಿನ ಸಮಯದಲ್ಲಿ ಹುಟ್ಟಿದ ಮಗ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕೊಡಗಿನ ಗೋಣಿಕೊಪ್ಪ ಸುತ್ತಮುತ್ತಲಿಂದ ನನ್ನ ಬಳಿ ಸಲಹೆಗೆ ಬರುವ ಮನೆಯವರಲ್ಲಿ ಇದೇ ಜಗಳ ಮತ್ತೆ ಮತ್ತೆ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗುವಿಗೆ ನಾಲ್ಕು ವರ್ಷ, ಹುಟ್ಟಿದಾಗ ಬರೀ 2.1 ಕೆಜಿ. ಸೊಸೆ ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ ಅಂತ ಅತ್ತೆಯ ದೂರು. ಈಗ ದಪ್ಪ ಮಾಡಬೇಕು ಅಂತ ಬಿಸ್ಕತ್ತು, ಸಕ್ಕರೆ ಹಾಲು, ತಟ್ಟೆ ಖಾಲಿಯಾಗುವ ತನಕ ಬಲವಂತ. ಸೊಸೆಗೆ ನಿದ್ದೆಯಿಲ್ಲ. ಮಗುವಿನ ಅಪ್ಪನಿಗೆ 34ಕ್ಕೇ ಸಕ್ಕರೆ ಕಾಯಿಲೆ.

ಮೂರನೇ ಸಲ ಅತ್ತೆಯನ್ನೂ ಕರೆಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದ್ದರು, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು ಅಂತ ಹೇಳಿದೆ. ದೆಹಲಿಯಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ಅಳೆಯುತ್ತಾ ಬಂದಾಗ ಕಂಡದ್ದನ್ನೂ ಹೇಳಿದೆ: ಎರಡು ವರ್ಷದ ತನಕ ಸಣಕಲಾಗಿದ್ದು, ಆಮೇಲೆ ಎತ್ತರಕ್ಕೆ ಮೀರಿ ತೂಕ ಏರುತ್ತಾ ಹೋದವರಿಗೇ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು.

ಅತ್ತೆ ಅಂಗೈ ಚಾಚಿದರು. "ನನ್ನ ಮಗನೂ ಇಷ್ಟೇ ಇದ್ದ. ಕಾಫಿ ಕುಯ್ಲಿನ ಸಮಯ, ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದೆವು. ಹೆರಿಗೆಯ ಹಿಂದಿನ ದಿನವೂ ಚೀಲ ಹೊತ್ತಿದ್ದೆ. ಹಾಗಾದ್ರೆ ಅವನ ಕಾಯಿಲೆಗೆ ನಾನೇ ಕಾರಣವಾ ಮೇಡಂ?"

"ನೀವು ಇದನ್ನು ನನಗೆ ಹೇಳಲೇ ಇಲ್ಲ ಅತ್ತೆ," ಅಂದಳು ಸೊಸೆ.

ಅಷ್ಟು ವಯಸ್ಸಾದವರ ಮುಂದೆ ಇದನ್ನೆಲ್ಲ ಹೇಳಬೇಕಿತ್ತಾ ಅಂತ ಆಮೇಲೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಹೇಳಬೇಕಿತ್ತು. ಹೇಳದಿದ್ದರೆ ಅದೇ ತಪ್ಪು ಸೊಸೆಯ ತಲೆ ಮೇಲೇ ಉಳಿಯುತ್ತಿತ್ತು, ಮಗುವಿಗೆ ಬಿಸ್ಕತ್ತೂ ನಿಲ್ಲುತ್ತಿರಲಿಲ್ಲ. ಅತ್ತೆಗೆ ನಾನು ಹೇಳಿದ್ದು ಇಷ್ಟು: "ಇಲ್ಲ ಅಮ್ಮ, ನಿಮ್ಮ ತಪ್ಪಲ್ಲ. ಊಟ, ವಿಶ್ರಾಂತಿ ಎರಡೂ ಸಿಗದಿದ್ದಾಗ ಹೊಟ್ಟೆಯೊಳಗಿನ ಮಗು ಸಿಕ್ಕಿದ್ದನ್ನು ಮೊದಲು ಮಿದುಳಿಗೆ ಇಟ್ಟುಕೊಳ್ಳುತ್ತದೆ, ಸ್ನಾಯು, ಮೂತ್ರಪಿಂಡಗಳಿಗೆ ಕಡಿಮೆ ಬೀಳುತ್ತದೆ. ಅಂಥ ದೇಹಕ್ಕೆ ಆಮೇಲೆ ಕೊಬ್ಬು ತುಂಬಿದರೆ ಅದು ಹೊರೆ. ಸಣ್ಣಗೆ ಹುಟ್ಟಿದವರಿಗೆಲ್ಲ ಕಾಯಿಲೆ ಬರುತ್ತದೆ ಅಂತಲೂ ಅಲ್ಲ."

ಮಗುವಿಗೆ ಮೊಟ್ಟೆ, ಬೇಳೆ, ಸೊಪ್ಪು, ಹಣ್ಣು ಕೊಡಿ, ಸಾಕು ಅಂದರೆ ಬಿಡಿ, ಅಂಗಳದಲ್ಲಿ ಓಡಲಿ ಅಂದೆ. ತೂಕ ಒಂದನ್ನೇ ನೋಡಬೇಡಿ, ಎತ್ತರವೂ ಏರುತ್ತಿದೆಯಾ ನೋಡಿ. ಮೊದಲ ಎರಡು ವರ್ಷ ಸಣ್ಣ ಮಗು ತೂಕ ಹಿಡಿಯುವುದು ಒಳ್ಳೆಯದೇ, ಆ ವಯಸ್ಸಿನ ಮಕ್ಕಳ ತಾಯಂದಿರು ಇದನ್ನು ಓದಿ ಊಟ ಕಡಿಮೆ ಮಾಡಬೇಡಿ, ದಯವಿಟ್ಟು. ಅಪ್ಪ ಸಕ್ಕರೆ ಜೊತೆ ಬಿಪಿಯನ್ನೂ ತಪ್ಪದೆ ನೋಡಿಸಲಿ ಅಂದೆ.

ಮುಂದಿನ ತಿಂಗಳು ಅತ್ತೆಯೇ ಮಗುವಿನ ಕಾರ್ಡ್ ಹಿಡಿದು ಬಂದರು. "ಅಂಗನವಾಡಿಯವರು ಎತ್ತರ ಬರೆದಿದ್ದಾರೆ, ಇದು ಎಷ್ಟಂತ ಓದಿ ಹೇಳಿ ಮೇಡಂ."