ಸೋಂಕಿನ ರಕ್ತದ ಪರಿಹಾರಕ್ಕೆ ಇಷ್ಟು ತಡ ಯಾಕೆ?

ಪ್ರಶ್ನೆ: ಬ್ರಿಟನ್‌ನಲ್ಲಿ ಸೋಂಕಿದ್ದ ರಕ್ತ ಕೊಟ್ಟು ಜನ ಸತ್ರಲ್ಲ, ಪರಿಹಾರ ಕೊಡೋಕೆ ಅಲ್ಲಿನ ಸರ್ಕಾರ ಇಷ್ಟು ವರ್ಷ ಯಾಕೆ ತಗೊಂಡ್ತು?

ಉತ್ತರ: ತಪ್ಪು ಒಪ್ಕೊಳ್ಳೋಕೇ ಅವ್ರು ತಯಾರಿರ್ಲಿಲ್ಲ, ಅದೇ ಮುಖ್ಯ ಕಾರಣ. 1970ರಿಂದ 90ರ ದಶಕದ ಶುರುವರೆಗೆ 30,000ಕ್ಕೂ ಹೆಚ್ಚು ಜನಕ್ಕೆ ಎಚ್‌ಐವಿ, ಲಿವರ್ ಹಾಳುಮಾಡೋ ಹೆಪಟೈಟಿಸ್ ಸಿ ಎಲ್ಲ ಅಂಟ್ಕೊಂಡ್ತು, ಸುಮಾರು 3,000 ಜನ ಸತ್ರು. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರೋರಿಗೆ ಕೊಡ್ತಿದ್ದ, ರಕ್ತ ಹೆಪ್ಪುಗಟ್ಟಿಸೋ ಫ್ಯಾಕ್ಟರ್ 8 ಔಷಧಿನ ಸಾವಿರಾರು ಜನರ ಪ್ಲಾಸ್ಮಾ (ರಕ್ತದ ದ್ರವ ಭಾಗ) ಒಟ್ಟು ಸೇರಿಸಿ ಮಾಡ್ತಿದ್ರು, ಅಮೆರಿಕದ ಜೈಲಿನ ಕೈದಿಗಳದ್ದೂ ಅದ್ರಲ್ಲಿ ಸೇರಿತ್ತು, ಒಬ್ರಿಗೆ ವೈರಸ್ ಇದ್ರೂ ಇಡೀ ಬ್ಯಾಚಿಗೇ ಹರಡೋ ಅಪಾಯ. ಆದ್ರೂ ಸರ್ಕಾರದ ಉತ್ತರ ಒಂದೇ, ಆಗ ಸಿಗ್ತಿದ್ದ ಬೆಸ್ಟ್ ಚಿಕಿತ್ಸೆನೇ ಕೊಟ್ವಿ ಅಂತ.

1991ರಲ್ಲಿ ಎಚ್‌ಐವಿ ಬಂದಿದ್ದ ಹಿಮೋಫಿಲಿಯಾದವ್ರಿಗೆ ಸ್ವಲ್ಪ ದುಡ್ಡು ಕೊಟ್ರು, ಆದ್ರೆ ಹೆಪಟೈಟಿಸ್ ವಿಷಯಕ್ಕೂ ಮುಂದೆ ಕೇಸ್ ಹಾಕಲ್ಲ ಅಂತ ಸೈನ್ ಹಾಕಿಸ್ಕೊಂಡ್ರು. ಸಾಯೋ ಸ್ಥಿತಿಲಿದ್ದ ಜನರ ಹತ್ರ ಹೀಗೆ ಬರೆಸ್ಕೊಂಡಿದ್ದನ್ನ ನಂಗಂತೂ ಕ್ಷಮಿಸೋಕಾಗಲ್ಲ.

2022ರಲ್ಲಿ ಒಂದಷ್ಟು ಜನಕ್ಕೆ 1,00,000 ಪೌಂಡ್ ಮಧ್ಯಂತರ ಪರಿಹಾರ ಬಂತು. 2024ರ ಮೇನಲ್ಲಿ, ಇದರ ತನಿಖೆ ನಡೆಸಿದ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವ್ರ ವರದಿ, ದಾಖಲೆ ನಾಶ ಮಾಡಿ ಸತ್ಯ ಮುಚ್ಚಿಟ್ಟಿದ್ದಾರೆ ಅಂತ ಹೇಳಿದ್ಮೇಲೆ ಪ್ರಧಾನಿ ರಿಷಿ ಸುನಕ್ ಕ್ಷಮೆ ಕೇಳಿದ್ರು, ಅಕ್ಟೋಬರ್ ಬಜೆಟ್‌ನಲ್ಲಿ ಹೊಸ ಸರ್ಕಾರ 1,180 ಕೋಟಿ ಪೌಂಡ್ ಇಟ್ಟಿತು. ಆದ್ರೂ ಪರಿಹಾರ ನಿಧಾನ ಅಂತ 2025ರ ಜುಲೈನಲ್ಲಿ ಲ್ಯಾಂಗ್‌ಸ್ಟಾಫ್ ಅವ್ರೇ ಮತ್ತೆ ವರದಿ ಕೊಡಬೇಕಾಯ್ತು, ಯಾಕಂದ್ರೆ ಕಾಯ್ತಾ ಕಾಯ್ತಾನೇ ಜನ ಸಾಯ್ತಿದ್ರು.